ಬಟ್ಟೆ ಒಣಗುವಷ್ಟರಲ್ಲಿ

ದೀಪಾವಳಿ ವಿಶೇಷಾಂಕಕ್ಕೆ ಲಲಿತ ಪ್ರಬಂಧ ಬರೆದುಕೊಡುತ್ತೇನೆಂದು ಪ್ರಬಂಧಕಾರರು ಒಪ್ಪಿಕೊಂಡದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾವ ಒಳ್ಳೆಯ ಕೆಲಸವನ್ನೂ ಒಪ್ಪಿಕೊಳ್ಳಬಾರದೆಂದು ಅವರ ತಾಯಿ ಅಂದೇ ಎಚ್ಚರಿಸಿದ್ದರು. ಶ್ರಾವಣ ಕಳೆಯಿತು, ಗೌರಿ ಬಂದಳು, ಗಣಪ ಬಂದು ಅಮ್ಮನನ್ನು ಕರೆದುಕೊಂಡೂ ಹೋದ, ಪಿತೃಪಕ್ಷ ಶುರುವಾಯಿತು. ಪ್ರಬಂಧ ಮಾತ್ರ ಬರಲಿಲ್ಲ.

ಮೈಸೂರಿನ ಕುವೆಂಪುನಗರದ ಆ ಮನೆಯಲ್ಲಿ ಕಿಟಕಿಗೆ ಮುಖ ಮಾಡಿ ಒಂದು ಮೇಜು, ಮೇಜಿನ ಮೇಲೆ ಒಂದು ಕಟ್ಟು ಬಿಳಿ ಹಾಳೆ, ಅದರ ಮೇಲೊಂದು ಪೆನ್ನು. ಮುಂದೆ ಕುರ್ಚಿಯಲ್ಲಿ ಪ್ರಬಂಧಕಾರರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರು ಬರೆದ ಕೈ ಅದು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಕೂತು ಹುಡುಕಿ, ಟ್ಯಾಲಿ ಮಾಡಿಯೇ ಏಳುತ್ತಿದ್ದವರು ಈಗ ಒಂದು ವಾಕ್ಯ ಸಿಕ್ಕದೆ ಬೆಳಿಗ್ಗೆ ಒಂಬತ್ತಕ್ಕೇ ಏಳತೊಡಗಿದ್ದರು. ಮೊದಲ ವಾರ ಪೆನ್ನಿನ ತಪ್ಪು, ಹೊಸದು ಬಂತು. ಎರಡನೆಯ ವಾರ ಬೆಳಕಿನ ತಪ್ಪು. ಮೇಜು ಇನ್ನೊಂದು ಕಿಟಕಿಗೆ ಹೋಯಿತು. ಮೂರನೆಯ ವಾರ ಎದುರುಮನೆಯ ಮಿಕ್ಸಿಯದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅಡುಗೆಮನೆಯಿಂದ ಆಗಾಗ, ಯಾರನ್ನೂ ಉದ್ದೇಶಿಸದೆ, ಕೇಳಿಬರುತ್ತಿತ್ತು.

ಸಂಪಾದಕರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. “ಸರ್, ಎಲ್ಲಿಗೆ ಬಂತು?”

“ತಲೇಲಿ ರೆಡಿ ಇದೆ. ಹಾಳೆಗೆ ಇಳಿಸೋದೊಂದೇ ಬಾಕಿ.”

ತಲೆಯಲ್ಲಿ ಏನೂ ಇಲ್ಲವೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಹಾಲಿನವನಿಗೂ ಸ್ವಲ್ಪ ಅನುಮಾನವಿತ್ತು.

ಬರೆಯಲಾರದವನು ಮೊದಲು ಮಾಡುವ ಕೆಲಸ ಓದುವುದು. ಓದಿದರೆ ಬರೆದಷ್ಟೇ ಸುಸ್ತಾಗುತ್ತದೆ, ಬರೆದ ತಪ್ಪು ಮಾತ್ರ ತಲೆಗೆ ಬರುವುದಿಲ್ಲ. ಓದುತ್ತ ಹೋದಾಗ ತಮಗಿರುವುದು ಸೋಮಾರಿತನವಲ್ಲ, ಹೆಸರಿರುವ ಒಂದು ಕಾಯಿಲೆ ಎಂದು ತಿಳಿದು ಅವರಿಗೆ ಹೆಮ್ಮೆಯೇ ಆಯಿತು. ‘ರೈಟರ್ಸ್ ಬ್ಲಾಕ್’ ಎಂಬ ಆ ಹೆಸರನ್ನು 1940ರ ದಶಕದಲ್ಲಿ ಚಲಾವಣೆಗೆ ತಂದವರು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕರು. ಅವರ ಸಿದ್ಧಾಂತದ ಪ್ರಕಾರ ಈ ಬೇನೆಯ ಬೇರು ಹಸುಗೂಸಿನ ಕಾಲದಲ್ಲಿದೆ: ತಾಯಿ ಹಾಲು ಕೊಡಲಿಲ್ಲವೆಂಬ ಒಳಮುನಿಸು ಲೇಖಕನಾದ ಮೇಲೂ ಬಿಟ್ಟಿರುವುದಿಲ್ಲ. ಪ್ರಬಂಧಕಾರರು ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಓದಿದರು.

ಮೂಲೆಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದ ತಾಯಿ, ಎಂಬತ್ತೆರಡರ ಮುದುಕಿ, ಕೈ ನಿಲ್ಲಿಸಲಿಲ್ಲ. ಹತ್ತಿಯ ಎಳೆ ಬಿಡಿಸಿ, ಬೆರಳಿಗೆ ಒಂಚೂರು ಹಾಲು ಮುಟ್ಟಿಸಿ ತುದಿ ಹೊಸೆಯುತ್ತ, “ಎರಡೂವರೆ ವರ್ಷ ಕುಡಿದಿದ್ದೀಯೋ. ಬೇವಿನೆಣ್ಣೆ ಹಚ್ಚಿ ಬಿಡಿಸಿದ್ದು. ಅವನ್ಯಾವನೋ ಅದನ್ನ ಬರೆದೋನು?” ಎಂದರು. ಬರ್ಗ್ಲರ್ ಸಿದ್ಧಾಂತ ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು.

ಇನ್ನು ಉಳಿದದ್ದು ದೊಡ್ಡವರ ಹಾದಿ. ಜರ್ಮನ್ ಕವಿ ಶಿಲ್ಲರ್ ತನ್ನ ಮೇಜಿನ ಡ್ರಾಯರಿನಲ್ಲಿ ಕೊಳೆತ ಸೇಬು ಇಟ್ಟುಕೊಳ್ಳುತ್ತಿದ್ದ. ಆ ವಾಸನೆ ಇಲ್ಲದಿದ್ದರೆ ಆತನಿಗೆ ಬರೆಯಲಾಗುತ್ತಿರಲಿಲ್ಲ. ಒಮ್ಮೆ ಗೆಳೆಯನನ್ನು ನೋಡಲು ಬಂದು ಅದೇ ಮೇಜಿನ ಮುಂದೆ ಕೂತ ಗಯಟೆಗೆ ತಲೆ ಸುತ್ತಿ ಬಂದಂತಾಯಿತಂತೆ. ಆತನೇ ಹೇಳಿಕೊಂಡ ಕಥೆ ಇದು. ಸೇಬಿನ ರೇಟು ನೋಡಿ ಪ್ರಬಂಧಕಾರರು ಎರಡು ಪಚ್ಚಬಾಳೆಹಣ್ಣು ಇಟ್ಟರು. ಮೂರನೆಯ ದಿನ ಡ್ರಾಯರು ತೆರೆದಾಗ ಸ್ಫೂರ್ತಿಗಿಂತ ಮೊದಲು ಇರುವೆ ಬಂದಿತ್ತು, ನುಸಿ ಬಂದಿತ್ತು, ಹಿಂದೆಯೇ ಹೆಂಡತಿಯೂ ಬಂದರು.

ವಿಕ್ಟರ್ ಹ್ಯೂಗೋ ಇನ್ನೂ ಕಟ್ಟುನಿಟ್ಟು. ಪ್ರಕಾಶಕರಿಗೆ ಕೊಟ್ಟ ಮಾತನ್ನು ಮುಂದೂಡಿ ಮುಂದೂಡಿ, 1830ರ ಶರತ್ಕಾಲದಲ್ಲಿ ಇನ್ನು ಸಾಗದು ಎಂದಾದಾಗ ಒಂದು ಸೀಸೆ ಮಸಿ, ಮೈತುಂಬ ಹೊದೆಯುವ ಒಂದು ಉಣ್ಣೆಯ ನಿಲುವಂಗಿ ತಂದು, ಉಳಿದ ಬಟ್ಟೆಗಳಿಗೆಲ್ಲ ಬೀಗ ಹಾಕಿಸಿದ. ಹೊರಗೆ ಹೋಗಲು ಬಟ್ಟೆಯೇ ಇಲ್ಲದಿದ್ದರೆ ಬರೆಯದೆ ಏನು ಮಾಡಿಯಾನು? 1831ರ ಜನವರಿಯಲ್ಲಿ ‘ನೋತ್ರ್ ದಾಮ್’ ಕಾದಂಬರಿ ಮುಗಿಯಿತು, ಸೀಸೆಯ ಮಸಿಯೂ ಅದರ ಜೊತೆಗೇ ಮುಗಿಯಿತು ಎಂದು ಆತನ ಹೆಂಡತಿ ಬರೆದಿದ್ದಾಳೆ. ಈ ಉಪಾಯ ಪ್ಯಾರಿಸ್ಸಿಗೆ ಸರಿ. ಮೈಸೂರಿನಲ್ಲಿ ಪಂಚೆ ಬನಿಯನ್ನಿನಲ್ಲೇ ಹಾಲಿನ ಬೂತು, ಪೇಪರ್ ಅಂಗಡಿ, ಪಾರ್ಕಿನ ಬೆಂಚು, ಎಲ್ಲ ಕಡೆ ಗೌರವಯುತವಾಗಿ ಹೋಗಿಬರಬಹುದು. ಬೀರುವಿಗೆ ಬೀಗ ಹಾಕಿಸಿದ ದಿನವೇ ಪ್ರಬಂಧಕಾರರು ಮೂರು ಸಲ ಕಾಫಿ ಕುಡಿಯಲು ಹೋಗಿ ಬಂದರು.

ನಡೆದರೆ ಹೊಳೆಯುತ್ತದೆ ಎಂದರು ಯಾರೋ. ಇದು ಬರೀ ಬಾಯಿಮಾತಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂತಿರುವಾಗಿನದಕ್ಕಿಂತ ನಡೆಯುವಾಗ ಹೊಸ ಹೊಸ ಯೋಚನೆಗಳು ಸರಾಸರಿ ಶೇಕಡಾ 60ರಷ್ಟು ಹೆಚ್ಚು ಹುಟ್ಟುತ್ತವೆ. ಖಾಲಿ ಗೋಡೆ ನೋಡಿಕೊಂಡು ಟ್ರೆಡ್‌ಮಿಲ್ ಮೇಲೆ ನಡೆದರೂ ಅಷ್ಟೇ ಫಲ. ಪ್ರಬಂಧಕಾರರು ಪಾರ್ಕಿನಲ್ಲಿ ಎಂಟು ಸುತ್ತು ಹೊಡೆದರು. ಎರಡನೆಯ ಸುತ್ತಿಗೆ ಜೊತೆಯಾದವರು ತಮ್ಮ ಶುಗರ್ ರಿಪೋರ್ಟು ಹೇಳಿದರು, ಐದನೆಯ ಸುತ್ತಿಗೆ ಜೊತೆಯಾದವರು ಅಳಿಯನ ವೀಸಾ. ಮನೆಗೆ ಬಂದು ಬ್ಯಾಂಕಿನವರ ಬುದ್ಧಿಯಿಂದ ಲೆಕ್ಕ ಹಾಕಿದಾಗ ಗೊತ್ತಾಯಿತು, ಸೊನ್ನೆಗೆ ಶೇಕಡಾ 60 ಸೇರಿಸಿದರೂ ಸೊನ್ನೆಯೇ.

ಖಾಲಿ ಹಾಳೆಯನ್ನೇ ಕಳಿಸಿಬಿಟ್ಟರೆ? ಅದಕ್ಕೂ ಪೂರ್ವನಿದರ್ಶನವಿದೆ. ಡೆನಿಸ್ ಅಪ್ಪರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1974ರಲ್ಲಿ ಒಂದು ಪ್ರತಿಷ್ಠಿತ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ. ತನ್ನ ಬರವಣಿಗೆಯ ಅಡ್ಡಿಗೆ ತಾನೇ ಮಾಡಿಕೊಂಡ ವಿಫಲ ಚಿಕಿತ್ಸೆ ಎಂಬ ಅರ್ಥದ ಶೀರ್ಷಿಕೆ, ಕೆಳಗೆ ಹೆಸರು, ಅದರ ಕೆಳಗೆ ಏನೂ ಇಲ್ಲ. ಪೂರ್ತಿ ಖಾಲಿ. ಅದನ್ನು ಪರಿಶೀಲಿಸಿದ ವಿದ್ವಾಂಸರು ನಿಂಬೆರಸ ಹಾಕಿ, ಎಕ್ಸ್‌ರೇ ಹಿಡಿದು ನೋಡಿದರೂ ಒಂದು ದೋಷವೂ ಕಾಣಲಿಲ್ಲವೆಂದು ಗಂಭೀರವಾಗಿ ಷರಾ ಬರೆದರು. ಅದೂ ಜೊತೆಯಲ್ಲೇ ಅಚ್ಚಾಯಿತು. ಪ್ರಬಂಧಕಾರರು ತಮ್ಮ ಖಾಲಿ ಹಾಳೆಯನ್ನು ಹೆಂಡತಿಗೆ ತೋರಿಸಿ ಅಭಿಪ್ರಾಯ ಕೇಳಿದರು. “ಹೋದ ವರ್ಷದ್ದಕ್ಕಿಂತ ಚೆನ್ನಾಗಿದೆ,” ಎಂದರು ಆಕೆ.

ಆ ಹಾಳೆ ಬಹಳ ಹೊತ್ತು ಖಾಲಿ ಉಳಿಯಲಿಲ್ಲ. ಟಿ. ಪಿ. ಕೈಲಾಸಂ ತಮ್ಮ ನಾಟಕಗಳನ್ನು ಕೂತು ಬರೆಯುವ ಗೋಜಿಗೆ ಹೋಗದೆ ಬಾಯಲ್ಲಿ ಹೇಳಿ ಬೇರೆಯವರಿಂದ ಬರೆಸಿದವರು. ಇದು ನೆನಪಾಗಿ ಪ್ರಬಂಧಕಾರರು, “ನೋಡು, ನಾನು ಹೇಳ್ತಾ ಹೋಗ್ತೀನಿ, ನೀನು ಬರ್ಕೋ,” ಎಂದು ಹೆಂಡತಿಯ ಕೈಗೆ ಪೆನ್ನು ಕೊಟ್ಟು, ಕಣ್ಣು ಮುಚ್ಚಿ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಶತಪಥ ಹಾಕಿದರು. ಐದು ನಿಮಿಷವಾಯಿತು. ಹತ್ತಾಯಿತು. ಕಣ್ಣು ಬಿಟ್ಟು ನೋಡಿದರೆ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ತೊಗರಿಬೇಳೆ 2 ಕೆ.ಜಿ., ಕಡಲೆಬೇಳೆ ಅರ್ಧ, ಬ್ಯಾಡಗಿ ಮೆಣಸಿನಕಾಯಿ ಕಾಲು, ಗಟ್ಟಿ ಇಂಗು ಒಂದು ಡಬ್ಬಿ, ಪಾತ್ರೆ ಸೋಪು. ಮೂರು ತಿಂಗಳಲ್ಲಿ ಆ ಮೇಜಿನ ಮೇಲೆ ಹುಟ್ಟಿದ ಮೊದಲ ಕೃತಿ ಅದು.

“ಬೇಳೆ ಇವತ್ತೇ ಬೇಕು ರೀ, ಸಾರಿಗಿಲ್ಲ,” ಎಂದು ಆಕೆ ಒಳಗೆ ಹೋದರು.

ಕೊನೆಗೆ ಕಂಕುಳಲ್ಲಿದ್ದ ಕೂಸನ್ನು ಊರೆಲ್ಲ ಹುಡುಕಿದಂತಾಯಿತು. ಬ್ಯಾಂಕಿನ ಕೆಲಸದಲ್ಲಿದ್ದಾಗ ಅವರು ಗದಗಿನಲ್ಲಿ ಎರಡು ವರ್ಷ ಇದ್ದವರು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬವೆಂದು ಜನ ತೋರಿಸುವ ಕಂಬಕ್ಕೆ ತಾವೂ ಒರಗಿ ನೋಡಿದ್ದರು. ಐತಿಹ್ಯ ಕನ್ನಡಿಗರಿಗೆಲ್ಲ ಗೊತ್ತಿರುವುದೇ: ಕವಿ ದಿನವೂ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಆ ಕಂಬದ ಬಳಿ ಕೂರುತ್ತಿದ್ದ, ಬಟ್ಟೆ ಒದ್ದೆ ಇರುವಷ್ಟು ಹೊತ್ತು ಭಾಮಿನಿ ಷಟ್ಪದಿ ಹರಿಯುತ್ತಿತ್ತು, ಒಣಗಿತೋ, ಅಂದಿನ ಕವಿತೆ ಮುಗಿಯಿತು. ಹಾಗೆ ಮಹಾಭಾರತದ ಹತ್ತು ಪರ್ವಗಳಾದವು.

ಹತ್ತು ಪರ್ವ ಬೇಡ, ಹತ್ತು ಪುಟ ಸಾಕು. ಪ್ರಬಂಧಕಾರರು ತಣ್ಣೀರು ಸ್ನಾನ ಮಾಡಿ, ಹೆಚ್ಚು ಹೊತ್ತು ಒದ್ದೆ ಇರಲೆಂಬ ದುರಾಸೆಯಿಂದ ಮನೆಯಲ್ಲಿದ್ದುದರಲ್ಲೇ ದಪ್ಪನೆಯ ಟರ್ಕಿ ಟವಲನ್ನು ನೆನೆಸಿ ಸುತ್ತಿಕೊಂಡು ಬಂದರು. ಕುಶನ್ ಕುರ್ಚಿಗೆ ಹೆಂಡತಿ ಬಿಡಲಿಲ್ಲ. ಪ್ಲಾಸ್ಟಿಕ್ ಸ್ಟೂಲು ಸಿಕ್ಕಿತು. ಕಂಬವಿಲ್ಲದ್ದರಿಂದ ಫ್ರಿಜ್ಜಿಗೆ ಒರಗಿದರು. ಹೊರಗೆ ಭಾದ್ರಪದದ ಜಿಟಿಜಿಟಿ ಮಳೆ. ಒಂದು ಗಂಟೆಯಲ್ಲಿ ಹದಿನಾಲ್ಕು ಸೀನು ಬಂದವು. ಸೀನುಗಳು ಒಂದೇ ಲಯದಲ್ಲಿದ್ದವು, ಆದರೆ ಷಟ್ಪದಿಗೆ ಹೊಂದುತ್ತಿರಲಿಲ್ಲ.

ಮೆಣಸಿನ ಸಾರು ಕುಡಿದು ಕಂಬಳಿ ಹೊದ್ದು ಮಲಗಿದಾಗ ಅವರಿಗೆ ಒಂದು ವಿಷಯ ಹೊಳೆಯಿತು. ಇಡೀ ಮೂರು ತಿಂಗಳಲ್ಲಿ ಹೊಳೆದದ್ದು ಅದೊಂದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬಹುದು. ಕುಮಾರವ್ಯಾಸನಿಗೆ ವರವಾದದ್ದು ಬಟ್ಟೆಯ ಒದ್ದೆಯಲ್ಲ, ಅದು ಒಣಗುತ್ತದೆ ಎಂಬುದು. ಮೈಮೇಲಿನ ಗಡಿಯಾರ ಅದು. ನಿಂತುಹೋಗುವ ಮೊದಲು ಹೇಳಿ ಮುಗಿಸಬೇಕು.

ಹಾಗೆ ನೋಡಿದರೆ ಎಲ್ಲರಿಗೂ ಒಂದೊಂದು ಒಣಗುವ ಬಟ್ಟೆ ಇತ್ತು. ಇಂಗ್ಲೆಂಡಿನ ಆಂಥೊನಿ ಟ್ರಾಲಪ್ ಅಂಚೆ ಇಲಾಖೆಯ ಅಧಿಕಾರಿ. ಬ್ರಿಟಿಷರಿಗೆ ರಸ್ತೆಬದಿಯ ಟಪಾಲು ಡಬ್ಬ ಕೊಡಿಸಿದ ಪುಣ್ಯಾತ್ಮ. ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಕಾಫಿ ಕೊಡಲೆಂದೇ ಆಳಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ಗಡಿಯಾರ ಎದುರಿಗಿಟ್ಟು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಹೀಗೆ 47 ಕಾದಂಬರಿ. ಸತ್ತ ಮೇಲೆ ಆತ್ಮಕಥೆಯಲ್ಲಿ ಈ ಗುಟ್ಟು ಹೊರಬಿದ್ದಾಗ ಓದುಗರಿಗೆ ಬೇಜಾರಾಯಿತು. ಸರಸ್ವತಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬರುತ್ತಾಳೆಂದರೆ ಯಾರಿಗೆ ರುಚಿಸುತ್ತದೆ? ಪ್ರಬಂಧಕಾರರು ಕಂಬಳಿಯೊಳಗೇ ಲೆಕ್ಕ ಹಾಕಿದರು: 1500 ಪದಕ್ಕೆ ಒಂದೂವರೆ ಗಂಟೆ.

ನಮ್ಮಲ್ಲಿ ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. 1942ರಲ್ಲಿ ಹಾಸ್ಯಕ್ಕೆಂದೇ ‘ಕೊರವಂಜಿ’ ಹೊರಡಿಸಿ 25 ವರ್ಷ ನಡೆಸಿದರು. ನಾ. ಕಸ್ತೂರಿಯವರ ಬರಹ, ಆರ್. ಕೆ. ಲಕ್ಷ್ಮಣ್ ಅವರ ಚಿತ್ರ ಅದರಲ್ಲಿ ಬಂದವು. ತಿಂಗಳು ತಿಂಗಳೂ ಊರನ್ನು ನಗಿಸುವ ಕೆಲಸ. ಇವತ್ತು ನಗು ಬರುತ್ತಿಲ್ಲವೆಂದರೆ ಅಚ್ಚಿನಮನೆಯವರು ಕಾಯುವುದಿಲ್ಲ.

ಎಲ್ಲರಿಗಿಂತ ಬಿಗಿಯಾದ ಬಟ್ಟೆ ದಾಸ್ತೊಯೆವ್‌ಸ್ಕಿಯದು. ಸಾಲದ ಕಾಟಕ್ಕೆ ಆತ ಒಬ್ಬ ಪ್ರಕಾಶಕನಿಗೆ ಕರಾರು ಬರೆದುಕೊಟ್ಟಿದ್ದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಆತ ಬರೆದದ್ದನ್ನೆಲ್ಲ ಬಿಡಿಗಾಸು ಕೊಡದೆ ಅಚ್ಚು ಹಾಕುವ ಹಕ್ಕು ಪ್ರಕಾಶಕನದು. ಅಕ್ಟೋಬರ್ ಬಂದರೂ ಒಂದಕ್ಷರ ಇಲ್ಲ. ಗೆಳೆಯರು ಆನ್ನಾ ಎಂಬ ಇಪ್ಪತ್ತು ವರ್ಷದ ಶೀಘ್ರಲಿಪಿಗಾರ್ತಿಯನ್ನು ಗೊತ್ತುಮಾಡಿದರು. ಈತ ಹೇಳಿದ, ಆಕೆ ಬರೆದಳು. ‘ಜೂಜುಗಾರ’ 26 ದಿನದಲ್ಲಿ ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಬೇಕೆಂದೇ ಊರುಬಿಟ್ಟಿದ್ದ. ದಾಸ್ತೊಯೆವ್‌ಸ್ಕಿ ಹಸ್ತಪ್ರತಿಯನ್ನು ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆದ. ಗಡುವಿಗೆ ಇನ್ನು ಕೆಲವೇ ಗಂಟೆ ಉಳಿದಿತ್ತು.

“ಆಮೇಲೆ ಆ ಹುಡುಗಿಯನ್ನೇ ಮದುವೆಯಾದ,” ಎಂದು ಪ್ರಬಂಧಕಾರರು ಹೆಂಡತಿಗೆ ಹೇಳಿದರು.

“ಪಾಪ,” ಎಂದರು ಆಕೆ. ಯಾರಿಗೆಂದು ಹೇಳಲಿಲ್ಲ.

ಮಾರನೆಯ ದಿನ ಅಪರೂಪಕ್ಕೆ ಬಿಸಿಲು ಬಂತು. ಆಕೆ ಒಗೆದ ಬಟ್ಟೆಯನ್ನೆಲ್ಲ ತಾರಸಿಯ ತಂತಿಗೆ ಹಾಕಿ ಕೆಳಗಿಳಿದು, “ರೀ, ಮೋಡ ಇದೆ. ಹನಿ ಬಿದ್ದರೆ ತೆಗೀಬೇಕು. ಹೇಗೂ ಸುಮ್ಮನೆ ಕೂರೋದು ತಾನೆ? ಮೇಲೆ ಹೋಗಿ ಕೂತ್ಕೊಳ್ಳಿ,” ಎಂದರು. ಪ್ರಬಂಧಕಾರರು ಸ್ಟೂಲು, ರಟ್ಟು, ಕೈಗೆ ಸಿಕ್ಕಿದ ಹಾಳೆಗಳನ್ನು ಹಿಡಿದು ಹತ್ತಿದರು. ಎರಡು ಸೀರೆ, ತಾಯಿಯ ಒಂದು ಸೀರೆ, ಮೂರು ಪಂಚೆ, ಮಗನ ಜೀನ್ಸ್ ಪ್ಯಾಂಟು, ಆ ಟರ್ಕಿ ಟವಲು. ಬನಿಯನ್ನು ಮೊದಲು ಒಣಗುತ್ತದೆ. ಸೀರೆಯ ಮೈ ಒಣಗಿದರೂ ಅಂಚು ಒದ್ದೆಯಿರುತ್ತದೆ. ಜೀನ್ಸಿನ ಜೇಬಿನೊಳಗೆ ಬೆರಳು ಹಾಕಿ ನೋಡಿದರೆ ತಣ್ಣಗಿರುತ್ತದೆ. ಚಾಮುಂಡಿಬೆಟ್ಟದ ಕಡೆಯಿಂದ ಮೋಡ ಏಳುತ್ತಿತ್ತು. ಅವರು ಒಂದು ಕಣ್ಣು ಮೋಡದ ಮೇಲಿಟ್ಟು, ಬೇರೇನೂ ತೋಚದೆ, ಬಾಳೆಹಣ್ಣಿನ ಇರುವೆಯಿಂದ ಶುರುಮಾಡಿದರು. ಅಲ್ಲಿಂದ ಟವಲು, ಟವಲಿನಿಂದ ಗದಗು. ಪೆನ್ನು ನಿಂತಾಗಲೆಲ್ಲ ಎದ್ದು ಹೋಗಿ ಸೀರೆಯಂಚು ಮುಟ್ಟಿ ನೋಡಿ ಬಂದು ಕೂರುತ್ತಿದ್ದರು. ಜೀನ್ಸು ಇನ್ನೂ ಅರೆ ಒದ್ದೆಯಿರುವಾಗ ಹನಿ ಬಿತ್ತು. ಬಟ್ಟೆಯನ್ನೆಲ್ಲ ಹೆಗಲಿಗೆ ಹಾಕಿಕೊಂಡು ಇಳಿಯುವಾಗ ಹಾಳೆಗಳು ಬನಿಯನ್ನಿನೊಳಗೆ ಭದ್ರವಾಗಿದ್ದವು.

ಸಂಜೆ ಪುಟಗಳ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರು. ಅರ್ಧ ಗಂಟೆಗೆ ಸಂಪಾದಕರ ಫೋನು. “ಚೆನ್ನಾಗಿದೆ ಸರ್. ಒಂದೇ ಅನುಮಾನ. ಕೊನೇ ಪುಟದಲ್ಲಿ ತೊಗರಿಬೇಳೆ, ಇಂಗು ಅಂತೆಲ್ಲ ಬರುತ್ತಲ್ಲ, ಆ ಮುಕ್ತಾಯ ಬಹಳ ಸೂಚ್ಯವಾಗಿದೆ. ಅದನ್ನ ಹಾಗೇ ಇಟ್ಟುಕೊಳ್ಳೋಣವಾ?”

ಹಾಳೆಯ ಎರಡೂ ಮಗ್ಗುಲಿನ ಫೋಟೊ ಹೋಗಿತ್ತು. ಪ್ರಬಂಧಕಾರರು ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, ಇಟ್ಟುಕೊಳ್ಳಿ ಎಂದರು. ಆ ರಾತ್ರಿಯೂ ಆ ಮನೆಯಲ್ಲಿ ಬೇಳೆಯಿಲ್ಲದ ಮೆಣಸಿನ ಸಾರೇ.