ಮೂರೆಲೆಯ ಮಹಿಮೆ

ಜ್ವರ ಬಂದವರು ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ. ತುರಿಕೆ ಬಂದವರನ್ನು ಡಾಕ್ಟರುಗಳೇ ಹುಡುಕಿಕೊಂಡು ಬರುತ್ತಾರೆ. ಬಿ.ಪಿ., ಸಕ್ಕರೆ, ಗ್ಯಾಸು ಇವೆಲ್ಲ ಒಳಗಿನ ವ್ಯವಹಾರ; ನಾವಾಗಿ ಬಾಯಿಬಿಡದೆ ಯಾರಿಗೂ ತಿಳಿಯುವುದಿಲ್ಲ. ತುರಿಕೆಯನ್ನು ಮಾತ್ರ ಮುಚ್ಚಿಡಲಾಗದು. ನಾಲ್ಕು ಜನರ ನಡುವೆ ಒಮ್ಮೆ ಮೊಣಕೈ ಕೆರೆದುಕೊಂಡು ನೋಡಿ. "ಏನಾಯ್ತು?" ಎಂದು ಒಬ್ಬರು, "ಎಲ್ಲಿ, ತೋರಿಸಿ" ಎಂದು ಇನ್ನೊಬ್ಬರು, "ನಮ್ಮ ಚಿಕ್ಕಮ್ಮನಿಗೂ ಥೇಟ್ ಹೀಗೇ ಆಗಿತ್ತು" ಎಂದು ಮತ್ತೊಬ್ಬರು. ಚಿಕ್ಕಮ್ಮನಿಗೆ ಯಾವುದರಿಂದ ವಾಸಿಯಾಯಿತೋ ಅದರಿಂದ ನಿಮಗೂ ವಾಸಿಯಾಗಲೇಬೇಕು. ಆಗದಿದ್ದರೆ ತಪ್ಪು ನಿಮ್ಮ ಚರ್ಮದ್ದು.

ಈ ಸತ್ಯದ ಪೂರ್ಣದರ್ಶನ ನನಗಾದದ್ದು ನ್ಯೂಜೆರ್ಸಿಯಲ್ಲಿ, ಸಾಗರದ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಮಾವನ ಮೈಮೇಲೆ.

ಮಾವ ಅಡಿಕೆ ತೋಟದ ಮನುಷ್ಯ. ಹಿತ್ತಲಿನ ಹುಲ್ಲು ಕತ್ತರಿಸಲು ಬೇರೆ ಜನ ಬರುತ್ತಾರೆ, ಅದಕ್ಕೆ ಮಗ ದುಡ್ಡು ಕೊಡುತ್ತಾನೆ, ಕತ್ತರಿಸಿದ ಹುಲ್ಲು ತಿನ್ನಲು ಒಂದು ದನವೂ ಇಲ್ಲ ಎಂಬ ಮೂರು ಸಂಗತಿಗಳು ಸೇರಿ ಬಂದ ವಾರವೇ ಅವರ ನಿದ್ದೆ ಕೆಡಿಸಿದ್ದವು. ಏನಾದರೂ ಕೆಲಸ ಬೇಕಿತ್ತು. ಬೇಲಿ ಪಕ್ಕದ ಓಕ್ ಮರಕ್ಕೆ ಒಂದು ಬಳ್ಳಿ ಹಬ್ಬಿತ್ತು. ಬುಡ ಹೆಬ್ಬೆರಳು ದಪ್ಪ, ಮೈತುಂಬ ಕಂದು ಕೂದಲಿನ ಬೇರು, ತೊಟ್ಟಿಗೆ ಮೂರು ಮೂರು ಎಲೆ, ನಡುವಿನ ಎಲೆಯ ತೊಟ್ಟು ಚೂರು ಉದ್ದ. ಮೂರೆಲೆ ಕಂಡರೆ ಮುಟ್ಟಬೇಡ ಎಂಬುದು ಅಮೆರಿಕದಲ್ಲಿ ಮಕ್ಕಳಿಗೆ ಕಲಿಸುವ ಪಾಠ. ನಮ್ಮ ಮಾವನೋ, ಬುದ್ಧಿ ಬಂದಾಗಿನಿಂದ ಸೋಮವಾರ ತಪ್ಪದೆ ಮೂರೆಲೆಯ ಬಿಲ್ವಪತ್ರೆಯನ್ನು ಕಣ್ಣಿಗೊತ್ತಿಕೊಂಡು ಶಿವನಿಗೆ ಏರಿಸಿದವರು. ಮೂರೆಲೆ ಕಂಡರೆ ಅವರ ಕೈ ತಾನಾಗಿ ಮುಂದೆ ಹೋಗುತ್ತದೆ. ಅತ್ತೆಯ ಕಣ್ಣು ತುದಿಯ ಕೆಂಪು ಚಿಗುರಿನ ಮೇಲೆ ಬಿತ್ತು. "ಎಷ್ಟು ಎಳೆದು! ತುಪ್ಪದಲ್ಲಿ ಬಾಡಿಸಿ ತಂಬ್ಳಿ ಮಾಡ್ಲಕ್ಕು" ಎಂದರು. ನಮ್ಮ ಕಡೆಯ ಹೆಂಗಸರ ಕಣ್ಣಿಗೆ ಬಿದ್ದ ಮೇಲೂ ತಂಬುಳಿಯಾಗದೆ ಉಳಿದ ಚಿಗುರು ಭೂಮಿಯ ಮೇಲಿಲ್ಲ. ದೇವರು ದೊಡ್ಡವನು, ಆವತ್ತು ಮನೆಯಲ್ಲಿ ಮೊಸರು ಮುಗಿದಿತ್ತು.

ಮಾವ ಬಳ್ಳಿಯನ್ನು ಬುಡಸಮೇತ ಕಿತ್ತು, ರಾಶಿ ಹಾಕಿ, ಸುಡಲೆಂದು ಕಡ್ಡಿ ಗೀರುವಷ್ಟರಲ್ಲಿ ಪಕ್ಕದ ಮನೆಯ ಅಜ್ಜ ಕೂಗಿಕೊಳ್ಳುತ್ತ ಓಡಿಬಂದ. ಅದು ಪಾಯ್ಸನ್ ಐವಿ. ಬೆಂಕಿ ಹಚ್ಚಿದರೆ ಅದರ ವಿಷ ಹೊಗೆಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತುರಿಕೆ ಹೋಗಿ ಪ್ರಾಣಸಂಕಟವಾಗುತ್ತದೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿದ್ದ ಕ್ಯಾಪ್ಟನ್ ಜಾನ್ ಸ್ಮಿತ್ 1624ರ ತನ್ನ ಪುಸ್ತಕದಲ್ಲೇ ಈ ಬಳ್ಳಿ ಮುಟ್ಟಿದರೆ ಮೈ ಕೆಂಪಾಗಿ, ತುರಿಸಿ, ಕೊನೆಗೆ ಗುಳ್ಳೆ ಏಳುತ್ತದೆ ಎಂದು ಬರೆದಿಟ್ಟಿದ್ದಾನೆ. ನಾಲ್ಕು ಶತಮಾನಗಳಿಂದ ಆ ನೆಲಕ್ಕೆ ಹೊಸದಾಗಿ ಬಂದವರು ಈ ಬಳ್ಳಿಗೆ ಕೈಹಾಕಿಯೇ ತಮ್ಮ ಇಮಿಗ್ರೇಷನ್ ಪೂರೈಸಿಕೊಳ್ಳುತ್ತಿದ್ದಾರೆ.

"ಪಾತ್ರೆ ತೊಳೆಯುವ ಸೋಪು, ಧಾರಾಳ ನೀರು, ಈಗಲೇ" ಎಂದ ಅಜ್ಜ. ಎಲೆ, ಕಾಂಡ, ಬೇರು ಎಲ್ಲದರಲ್ಲೂ ಇರುವ ಉರುಶಿಯಾಲ್ ಎಂಬ ಜಿಡ್ಡು ಚರ್ಮದೊಳಗೆ ಇಳಿಯುವ ಮೊದಲು ತೊಳೆದುಬಿಡಬೇಕು. ಅದರ 50 ಮೈಕ್ರೋಗ್ರಾಂ, ಅಂದರೆ ಉಪ್ಪಿನ ಒಂದು ಹರಳಿಗಿಂತ ಕಡಿಮೆ, ಹೆಚ್ಚಿನವರಿಗೆ ಗುಳ್ಳೆ ಎಬ್ಬಿಸಲು ಸಾಕು. ಮೊದಲ ಹತ್ತು ನಿಮಿಷದ ಸೋಪಿಗಿರುವ ಬೆಲೆ ಆಮೇಲಿನ ಹತ್ತು ದಿನದ ಔಷಧಿಗಿಲ್ಲ. ಮಾವ ನಕ್ಕರು. "ಗೇರು ಸೊನೆ ಕಂಡ ಕೈ ಇದು. ಎಂತದೂ ಆಗ್ತಿಲ್ಲೆ ತಂಗಿ" ಎಂದು ನನಗೆ ಧೈರ್ಯ ಹೇಳಿ, ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಮೊಣಕೈವರೆಗೂ ತಿಕ್ಕಿದರು.

ಅವರ ಧೈರ್ಯಕ್ಕೆ ಹಿನ್ನೆಲೆಯಿಲ್ಲದಿಲ್ಲ. ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆ ಸವರಿಕೊಂಡೇ ಕೂರುತ್ತಾರೆ. ಆದರೆ ಅಲ್ಲಿ ಮೊದಲು ಎಣ್ಣೆ, ಆಮೇಲೆ ಸೊನೆ. ಮಾವ ಕ್ರಮವನ್ನು ತಿರುವಿ ಹಾಕಿದ್ದರಿಂದ ಅಂಗೈಯಲ್ಲಿದ್ದ ಜಿಡ್ಡು ತೋಳಿನವರೆಗೆ ಸವಾರಿ ಹೊರಟಿತು. ಇನ್ನೊಂದು ವಿಚಾರವೂ ಇದೆ: ಮಾವು, ಗೇರು, ಕರಿಗೇರು, ಪಾಯ್ಸನ್ ಐವಿ ಎಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬ. ಒಬ್ಬರ ಸೊನೆಗೆ ಹಿಂದೆ ಕೆರಳಿದ ಚರ್ಮ ಇನ್ನೊಬ್ಬರನ್ನು ಕಂಡ ಕೂಡಲೇ ನೆಂಟಸ್ತನ ಗುರುತಿಸಿ ಎದ್ದು ನಿಲ್ಲುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕನ್ ಸೈನಿಕರಿಗೂ ಇದೇ ಆಗಿತ್ತು. ನಮ್ಮ ಅಗಸರು ಬಟ್ಟೆಗೆ ಕರಿಗೇರಿನ ಶಾಯಿಯಿಂದ ಗುರುತು ಹಾಕುತ್ತಿದ್ದರು. ಗುರುತು ತಾಗಿದಲ್ಲೆಲ್ಲ ಸೈನಿಕರ ಮೈ ಗುಳ್ಳೆ ಎದ್ದಿತು. ಅವರ ವೈದ್ಯರು 1943ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನಾವು ಅವರಿಗೆ ಕರಿಗೇರು ಕೊಟ್ಟೆವು, ಅವರು ನಮ್ಮ ಮಾವನಿಗೆ ಐವಿ ಕೊಟ್ಟರು. ಲೆಕ್ಕ ಚುಕ್ತಾ.

ಮರುದಿನ ಸಂಜೆಗೆ ತೋಳು ಕೆಂಪೇರಿತು, ಸಾಲುಸಾಲಾಗಿ ನೀರ್ಗುಳ್ಳೆ ಎದ್ದವು. ಸುದ್ದಿ ಸಾಗರ, ಸಿರಸಿ, ಬೆಂಗಳೂರಿಗೆ ಏಕಕಾಲಕ್ಕೆ ತಲುಪಿತು. "ಇದು ಪಿತ್ತವೇ. ಬ್ರೆಡ್ ತಿಂದು ತಿಂದು ಹಿಂಗಾಯ್ದು" ಎಂದು ಸಿರಸಿಯಲ್ಲಿರುವ ಮಾವನ ತಂಗಿ ಫೋನಿನಲ್ಲೇ ತೀರ್ಮಾನ ಕೊಟ್ಟರು. ಮುರುಗಲು ನೀರು ಕುಡಿಯಬೇಕು, ಕರಿ ಕಂಬಳಿ ಹೊದೆಯಬೇಕು, ತುರಿಸಿದಲ್ಲಿ ಅದೇ ಕಂಬಳಿಯಲ್ಲಿ ಉಜ್ಜಬೇಕು. ಮುರುಗಲು ನೀರಿನಿಂದ ಯಾರಿಗೂ ಕೇಡಿಲ್ಲ. ನಾನೂ ಎರಡು ಲೋಟ ಕುಡಿದೆ. ನ್ಯೂಜೆರ್ಸಿಯ ಜುಲೈ ತಿಂಗಳಿನಲ್ಲಿ ಗುಳ್ಳೆಯ ಮೇಲೆ ಕಂಬಳಿ ಉಜ್ಜುವುದನ್ನು ಮಾತ್ರ ಮಾವನೇ ಬೇಡವೆಂದರು. ಬೆಂಗಳೂರಿನ ನಾದಿನಿ ಅರಿಶಿನ ಮತ್ತು ಬೇವು ಹೇಳಿದಳು. ಅದರ ಪರಿಣಾಮ ಹಾಸಿಗೆಯ ಮೇಲೆ ಇಂದಿಗೂ ಕಾಣುತ್ತದೆ.

ಮದ್ದು ಹೇಳುವುದರಲ್ಲಿ ಅಮೆರಿಕದವರೇನು ನಮಗಿಂತ ಕಡಿಮೆಯಲ್ಲ. ಒಬ್ಬರು ವಿನೆಗರ್ ಎಂದರು, ಒಬ್ಬರು ಬಾಳೆಹಣ್ಣಿನ ಸಿಪ್ಪೆ. ಹಿಂದಿನ ಕಾಲದಲ್ಲಿ ಬ್ಲೀಚು, ಪೆಟ್ರೋಲು ಹಚ್ಚಿ ಚರ್ಮವನ್ನೇ ಸುಟ್ಟುಕೊಂಡವರಿದ್ದಾರೆ. ಅಭ್ಯಾಸವಾಗಲಿ ಎಂದು ಎಲೆ ತಿಂದು ಬಾಯಿ ಗಂಟಲು ಊದಿಸಿಕೊಂಡವರೂ ಇದ್ದಾರೆ. ನಿಜಕ್ಕೂ ಹಿತ ಕೊಟ್ಟವು ಸಪ್ಪೆ ಮದ್ದುಗಳೇ: ತಣ್ಣೀರಿನ ಒದ್ದೆಬಟ್ಟೆ, ಅಡುಗೆ ಸೋಡಾ ಕಲಸಿದ ಲೇಪ, ಕ್ಯಾಲಮೈನ್ ಲೋಷನ್. ಗುಲಾಬಿ ಬಣ್ಣದ ಕ್ಯಾಲಮೈನ್ ಬಳಿದುಕೊಂಡ ಮಾವ, ಚೌಕಿಯಲ್ಲಿ ಅರ್ಧ ಬಣ್ಣಕ್ಕೇ ಎದ್ದುಬಂದ ಯಕ್ಷಗಾನದ ವೇಷದಂತೆ ಹಿತ್ತಲಲ್ಲಿ ಓಡಾಡುತ್ತಿದ್ದರು.

ದೊಡ್ಡ ಜಿಜ್ಞಾಸೆ ಎದ್ದದ್ದು ಓಟ್ಸ್ ಸ್ನಾನದ ಮೇಲೆ. ಓಟ್ಸನ್ನು ನುಣ್ಣಗೆ ಪುಡಿ ಮಾಡಿ ಉಗುರುಬೆಚ್ಚಗಿನ ನೀರಿಗೆ ಕಲಸಿ, ತೊಟ್ಟಿಯಲ್ಲಿ ಕಾಲು ಗಂಟೆ ಕೂತರೆ ಉರಿ ತಗ್ಗುತ್ತದೆ. ಇದು ಬರೀ ಅಜ್ಜಿಮದ್ದಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯೇ 2003ರಲ್ಲಿ ಓಟ್ಸ್ ಪುಡಿಯನ್ನು ಚರ್ಮರಕ್ಷಕವೆಂದು ಒಪ್ಪಿದೆ. ಆದರೆ ಅತ್ತೆಯ ಇಲಾಖೆ ಒಪ್ಪಬೇಕಲ್ಲ! ತಿನ್ನುವ ಧಾನ್ಯದಲ್ಲಿ ಕೂರುವುದೆಂದರೇನು? ಬಿಸಿನೀರು ಬಿದ್ದ ಮೇಲೆ ಅದು ಬೆಂದಿತೋ ಇಲ್ಲವೋ? ಬೆಂದಿದ್ದರೆ ಮುಸುರೆ. ಮುಸುರೆಯಲ್ಲಿ ಮಿಂದವರು ಶುದ್ಧರಾಗಲು ಮತ್ತೆ ಮೀಯಬೇಕು. ಮತ್ತೆ ಮಿಂದರೆ ಹಚ್ಚಿದ ಓಟ್ಸ್ ತೊಳೆದುಹೋಗುತ್ತದೆ. ಕೊನೆಗೆ ಸಾಗರದ ಪುರೋಹಿತರಿಗೆ ಫೋನು ಹೋಯಿತು. ಅವರು ಉಗುರುಬೆಚ್ಚಗಿನ ನೀರಿನಲ್ಲಿ ಯಾವ ಧಾನ್ಯವೂ ಬೇಯುವುದಿಲ್ಲ, ಆದ್ದರಿಂದ ದೋಷವಿಲ್ಲ ಎಂದು ಅಪ್ಪಣೆ ಕೊಟ್ಟರು. ಜೊತೆಗೆ, ಬೇವಿನೆಣ್ಣೆಯನ್ನೂ ನೋಡಬಹುದು ಎಂದರು.

ಆಮೇಲೆ ಪಕ್ಕದ ಮನೆ ಅಜ್ಜ ತೊರೆಯ ಅಂಚಿನಿಂದ ಜ್ಯುವೆಲ್‌ವೀಡ್ ಕಿತ್ತು ತಂದ. ಐವಿ ಬೆಳೆಯುವಲ್ಲೇ ದೇವರು ಅದರ ಮದ್ದನ್ನೂ ಬೆಳೆಸಿದ್ದಾನೆ ಎಂಬುದು ಅವನ ನಂಬಿಕೆ. ಅತ್ತೆ ಕಾಂಡ ಚಿವುಟಿ ನೋಡಿ, "ಅಯ್ಯೋ, ಇದು ನಮ್ಮ ಗೌರಿಹೂವಿನ ಜಾತಿ" ಎಂದು ಕುಣಿದಾಡಿದರು. ಅದು ನಿಜ, ಎರಡೂ ಒಂದೇ ಬಳಗ. ಜಜ್ಜಿದ ಆ ಗಿಡಕ್ಕೆ ಗುಣವಿದ್ದರೂ ಸಾದಾ ಸೋಪು ಅದಕ್ಕಿಂತ ಮೇಲೆಂದು 2012ರ ಅಧ್ಯಯನವೊಂದು ಹೇಳಿದೆ. ಆದರೆ ತೊರೆಗೆ ಇಳಿದು, ಬಾಗಿ, ಕಿತ್ತು, ಜಜ್ಜಿ ತಂದದ್ದರ ಎದುರು ಸೋಪಿಗೇನು ಮರ್ಯಾದೆ!

ಇಷ್ಟೆಲ್ಲದರ ನಡುವೆ ಬೆನ್ನಿನ ಮೇಲೆ ಹೊಸ ಗುಳ್ಳೆಗಳು ಬಂದವು. "ಹರಡ್ತಾ ಇದ್ದು" ಎಂದು ಅತ್ತೆ ಕಂಗಾಲಾದರು. ಗುಳ್ಳೆಯ ನೀರಿನಿಂದ ಇದು ಹರಡುವುದಿಲ್ಲ. ಜಿಡ್ಡು ಇನ್ನೂ ಎಲ್ಲೋ ಕೂತಿರಬೇಕು. ಚಪ್ಪಲಿ, ಕತ್ತಿ, ಕನ್ನಡಕ, ವಾಚಿನ ಪಟ್ಟಿ ಎಲ್ಲ ತೊಳೆದೆವು. ಗುಳ್ಳೆ ನಿಲ್ಲಲಿಲ್ಲ. ಅವು ಎಡ ಹೆಗಲಿನಿಂದ ಬಲ ಸೊಂಟದವರೆಗೆ ಓರೆಯಾಗಿ ಸಾಲುಗಟ್ಟಿದ್ದನ್ನು ಮೊದಲು ಗಮನಿಸಿದವಳು ನನ್ನ ಮಗಳು. ಜನಿವಾರ! ಬೆನ್ನು ತುರಿಸಿದಾಗಲೆಲ್ಲ ಎರಡೂ ಕೈಯಲ್ಲಿ ಅದನ್ನು ಹಿಡಿದು ಗರಗಸ ಎಳೆಯುವುದು ನಮ್ಮ ಗಂಡಸರ ಸನಾತನ ಪದ್ಧತಿ. ನೂಲುಹುಣ್ಣಿಮೆಗೆ ಕಾಯದೆ ಮಾವ ಹೊಸದನ್ನು ಧರಿಸಿದರು. ಹಳೆಯದನ್ನು ಕೈಗವಸು ಹಾಕಿ ಎತ್ತುತ್ತಿದ್ದ ನನ್ನನ್ನು ನೋಡಿ ಪಕ್ಕದ ಮನೆ ಅಜ್ಜ ಅದೇನೆಂದು ಕೇಳಿದ. "ನಮ್ಮಜ್ಜ ಬೆನ್ನು ಕೆರೆದುಕೊಳ್ಳುವ ದಾರ" ಎಂದು ಮಗಳು ವೇದ, ಉಪನಿಷತ್ತುಗಳನ್ನೆಲ್ಲ ಒಂದೇ ವಾಕ್ಯದಲ್ಲಿ ಮುಗಿಸಿದಳು.

ಡಾಕ್ಟರಿಗೂ ತೋರಿಸಿದೆವು. ಮುಖ, ಕಣ್ಣು ಊದಿದರೆ, ಉಸಿರು ಕಟ್ಟಿದರೆ, ಗುಳ್ಳೆ ಕೀವಾದರೆ ಕೂಡಲೇ ಬನ್ನಿ; ಇಲ್ಲವಾದರೆ ಎರಡು ಮೂರು ವಾರದಲ್ಲಿ ತಾನಾಗಿಯೇ ಹೋಗುತ್ತದೆ ಎಂದರು. ಈ 'ತಾನಾಗಿಯೇ' ಯಾರಿಗೂ ಹಿಡಿಸಲಿಲ್ಲ. ಮೂರು ಊರಿನ ನೆಂಟರು, ಒಬ್ಬ ಅಮೆರಿಕನ್ ಅಜ್ಜ, ಒಬ್ಬರು ಪುರೋಹಿತರು ಹಗಲಿರುಳು ದುಡಿಯುತ್ತಿರುವಾಗ ಕಾಯಿಲೆ ತಾನಾಗಿ ಹೋಗುವುದೆಂದರೇನು? ಯಾರಿಗಾದರೂ ಹೇಳಿ ಹೋಗಬೇಡವೇ?

ಮೂರನೆಯ ವಾರ ಅದು ಹೋಯಿತು. ಯಾರಿಗೂ ಹೇಳಲಿಲ್ಲ. ಹೀಗಾಗಿ ಎಲ್ಲರೂ ತಮಗೇ ಹೇಳಿ ಹೋಯಿತೆಂದುಕೊಂಡರು. ಅಜ್ಜ ಜ್ಯುವೆಲ್‌ವೀಡ್ ಎಂದ, ಸಿರಸಿಯವರು ಮುರುಗಲು ಎಂದರು, ನಾದಿನಿ ಬೇವು ಎಂದಳು. ವಾಯಿದೆ ಮುಗಿದ ಮೇಲೆ ತಾನೇ ಎದ್ದುಹೋಗುವ ಕಾಯಿಲೆಯಲ್ಲಿ ಕೊನೆಗೆ ಮದ್ದು ಹಚ್ಚಿದವನೇ ಧನ್ವಂತರಿ. ಆ ಲೆಕ್ಕದಲ್ಲಿ ಕೀರ್ತಿ ಸಲ್ಲಬೇಕಾದದ್ದು ಮಾವ ಕೊನೆಯ ದಿನ ತಾವೇ ಹಚ್ಚಿಕೊಂಡ ಕೊಬ್ಬರಿ ಎಣ್ಣೆಗೆ. ಅವರೂ ಹಾಗೆಯೇ ತಿಳಿದರು.

ಈಗ ಊರಿನಲ್ಲಿ ಮಾವ ಪಾಯ್ಸನ್ ಐವಿಯ ತಜ್ಞರು. ಅಮೆರಿಕಕ್ಕೆ ಹೊರಟವರೆಲ್ಲ ಅವರಿಂದ ಒಂದು ಶೀಸೆ ಕೊಬ್ಬರಿ ಎಣ್ಣೆ ಪಡೆದೇ ವಿಮಾನ ಹತ್ತುತ್ತಾರೆ. ಹೊರಡದವರಿಗೂ ಮುನ್ನೆಚ್ಚರಿಕೆಯೆಂದು ಕೊಡುತ್ತಾರೆ. ಫಲಿತಾಂಶವಂತೂ ಅದ್ಭುತ: ಸಾಗರ ತಾಲ್ಲೂಕಿನಲ್ಲಿ ಇದುವರೆಗೆ ಒಬ್ಬರಿಗೂ ಪಾಯ್ಸನ್ ಐವಿ ತಗುಲಿಲ್ಲ.