ರಬ್ಬರಿಗೆ ಮೀಟರ್ ಗೊತ್ತಿಲ್ಲ ಮೇಷ್ಟ್ರೇ

ಏನ್ ಮೇಷ್ಟ್ರೇ, ಬೆಳಗಾಗೆದ್ದು ಅಂಬಾಸಿಡರ್‌ಗೆ ಅಭ್ಯಂಜನ ಮಾಡಿಸ್ತಿದೀರಿ? ಪಾಲಿಶ್ ಚೆನ್ನಾಗೇ ಬಂದಿದೆ, ಇಲ್ಲ ಅನ್ನಲ್ಲ. ಸೀಟ್ ಕವರೂ ಹೊಸದು ಅಂತ ಕಾಣುತ್ತೆ. ಬ್ರೇಕ್ ಹೋಸ್ ಬದಲಾಯಿಸಿ ಎಷ್ಟು ವರ್ಷ ಆಯ್ತು, ಅದನ್ನ ಹೇಳಿ. ನೆನಪಿಲ್ವಾ? ಸರಿ, ಆ ಬಟ್ಟೆ ಬಕೆಟ್‌ಗೆ ಹಾಕಿ ಹೀಗೆ ಕಾಂಪೌಂಡ್ ಹತ್ರ ಬನ್ನಿ.

"ಗಾಡಿ ಓಡಿದ್ರೆ ತಾನೇ ಸವೆಯೋದು" ಅಂತೀರಿ. ಬ್ರೇಕ್ ಲೈನಿಂಗು, ಟೈರಿನ ಪಟ್ಟಿ ಓಡಿದಷ್ಟೇ ಸವೆಯುತ್ತೆ, ಒಪ್ಪಿದೆ. ರಬ್ಬರ್ ಹಾಗಲ್ಲ ಸ್ವಾಮಿ, ಶೆಡ್ಡಲ್ಲಿ ಸುಮ್ನೆ ನಿಂತಿದ್ರೂ ಅದಕ್ಕೆ ವಯಸ್ಸಾಗುತ್ತೆ. ಅದಕ್ಕೆ ಮೀಟರ್ ಗೊತ್ತಿಲ್ಲ, ಪಂಚಾಂಗ ಗೊತ್ತು.

ನಿಮ್ಮ ಮಾರ್ಕ್ ಫೋರ್‌ನಲ್ಲಿ ಹೋಸ್ ಅಂತ ಇರೋದೇ ಮೂರು. ಮುಂದಿನ ಚಕ್ರ ಸ್ಟೇರಿಂಗ್ ಜೊತೆ ತಿರುಗಬೇಕಲ್ಲ, ಅಲ್ಲಿ ಒಂದೊಂದು. ಹಿಂದಿನ ಆಕ್ಸಲ್ ಹಳ್ಳ ಬಿದ್ದಾಗೆಲ್ಲ ಕುಣಿಯುತ್ತಲ್ಲ, ಅಲ್ಲೊಂದು. ಮಿಕ್ಕಿದ್ದೆಲ್ಲ ಲೋಹದ ಪೈಪು. ಆ ಕಾಲದ ಗಾಡಿಗಳಲ್ಲಿ ಬ್ರೇಕಿಗೆ ಸಾಮಾನ್ಯವಾಗಿ ಒಂದೇ ಲೈನು. ಮೂರರಲ್ಲಿ ಯಾವುದು ಒಡೆದ್ರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತೆ. ಆಮೇಲೆ ಉಳಿಯೋದು ಹ್ಯಾಂಡ್ ಬ್ರೇಕು, ಗೇರು ಮತ್ತೆ ನಿಮ್ಮ ಮನೆದೇವರು.

ನೋಡೋದೇನೂ ಕಷ್ಟ ಇಲ್ಲ. ಹೋಸನ್ನ ಒರೆಸಿ, ಮೆಲ್ಲಗೆ ಬಗ್ಗಿಸಿ. ಸಣ್ಣ ಸಣ್ಣ ಬಿರುಕು ಬಾಯಿ ಬಿಡುತ್ತೆ. ತುದಿಯ ಲೋಹದ ಹಿಡಿಕೆ ಹತ್ರ ಜಿನುಗಿದೆಯಾ ಅಂತ ಬೆರಳಿಟ್ಟು ನೋಡಿ. ಅಕ್ಕನಿಗೆ ಪೆಡಲ್ ಜೋರಾಗಿ ಒತ್ತೋಕೆ ಹೇಳಿ, ಎಲ್ಲಾದ್ರೂ ಗುಳ್ಳೆ ಏಳುತ್ತಾ ಗಮನಿಸಿ. ಸ್ಟೇರಿಂಗನ್ನ ಆ ತುದಿಯಿಂದ ಈ ತುದಿಗೆ ತಿರುಗಿಸಿ, ಟೈರಿಗೆ ಎಲ್ಲಾದ್ರೂ ಉಜ್ಜುತ್ತಾ ನೋಡಿ. ಇಷ್ಟರಲ್ಲಿ ಒಂದು ಕಂಡ್ರೂ ಮೂರನ್ನೂ ಬದಲಾಯಿಸೋದೇ ಸರಿ. ಮೂರೂ ಒಂದೇ ವಯಸ್ಸಿನವು ತಾನೇ?

ಕಷ್ಟ ಇರೋದು ಹೊರಗೆ ಕಾಣದ ಕಾಯಿಲೆ. ಮೇಲೆ ಫಳಫಳ ಹೊಳೆಯೋ ಬದನೆಕಾಯಿ ಒಳಗೆ ಹುಳ ಸಾಕಿರುತ್ತಲ್ಲ, ಹಾಗೆ. ಒಳಪದರ ಊದಿಕೊಂಡು ದಾರಿ ಕಿರಿದಾಗುತ್ತೆ. ಕಾಲಿನ ಒತ್ತಡಕ್ಕೆ ಎಣ್ಣೆ ನುಗ್ಗಿ ಹೋಗುತ್ತೆ, ಕಾಲು ತೆಗೆದ್ರೆ ವಾಪಸ್ ಬರಲ್ಲ. ಚಕ್ರ ಹಿಡಿದುಕೊಂಡೇ ಇರುತ್ತೆ, ಡ್ರಮ್ ಕಾಯುತ್ತೆ, ಗಾಡಿ ಒಂದು ಕಡೆಗೆ ಎಳೆಯುತ್ತೆ. ಜಾಕ್ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಪೆಡಲ್ ಒತ್ತಿ ಬಿಟ್ಟು ಆ ಚಕ್ರ ತಿರುಗಿಸಿ ನೋಡಿ. ತಿರುಗದೆ ಇದ್ದು, ಬ್ಲೀಡ್ ನಿಪ್ಪಲ್ ಸಡಿಲಿಸಿದ ತಕ್ಷಣ ಬಿಟ್ಟುಕೊಂಡ್ರೆ, ಮೊದಲ ಅನುಮಾನ ಹೋಸ್ ಮೇಲೇ.

ಎಣ್ಣೆ ಕಥೆಯೂ ಅಷ್ಟೇ, ಅದಕ್ಕೂ ಪಂಚಾಂಗವೇ ಲೆಕ್ಕ. ಗಾಳಿಯಲ್ಲಿರೋ ತೇವ ಕುಡಿಯೋದು ಅದರ ಗುಣ. ಡಾಟ್ 3 ಎಣ್ಣೆ ಹೊಸದಾಗಿದ್ರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಕುಡಿದದ್ದಕ್ಕೆ ಆ ಮಿತಿ 140ಕ್ಕೆ ಇಳಿಯುತ್ತೆ. ಆಗುಂಬೆಯಂಥ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಒತ್ತಿದ್ರೆ ಒಳಗೆ ಆವಿ ಎದ್ದು ಪೆಡಲ್ ಮೆತ್ತಗಾಗುತ್ತೆ. ಇನ್ನು, ಮನೇಲಿದೆ ಅಂತ ಇಂಜಿನ್ ಆಯಿಲ್ ಸುರಿದೀರಾ, ರಬ್ಬರ್ ಎಲ್ಲ ಊದಿ ಕೂರುತ್ತೆ.

ಸಾಮಾನು ತರೋಕೆ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋಗಿ, ಬೇಡ ಅನ್ನಲ್ಲ. ಆದ್ರೆ ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡೋದು ನಿಂತಿದ್ದು 2014ರಲ್ಲಿ. ಅಂಗಡಿ ಅಟ್ಟದ ಮೇಲೆ ಅವತ್ತಿಂದ ಕೂತಿರೋ ಹೋಸೂ ಇರಬಹುದು. ಪ್ಯಾಕೆಟ್ ಹೊಸದು, ರಬ್ಬರ್ ಹಳೇದು! ತಯಾರಾದ ವರ್ಷ ನೋಡಿ ತನ್ನಿ, ತಾಮ್ರದ ವಾಷರೂ ಹೊಸದೇ ತನ್ನಿ.

ಬಿಚ್ಚೋವಾಗ ಮಾಮೂಲಿ ಸ್ಪ್ಯಾನರ್ ಹಾಕಿದ್ರೆ ಪೈಪಿನ ನಟ್ಟು ಗುಂಡಗಾಗಿ ಬಿಡುತ್ತೆ. ಅದಕ್ಕೆ ಅಂತಲೇ ಫ್ಲೇರ್ ನಟ್ ಸ್ಪ್ಯಾನರ್ ಇದೆ. ತುಕ್ಕಿಗೆ ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಮುಂದಿನ ಹೋಸಿಗೆ ಮೊದಲು ಬ್ರಾಕೆಟ್ ಹತ್ರದ ಪೈಪ್ ಬಿಡಿಸಿ, ಆಮೇಲೆ ಚಕ್ರದ ಕಡೆ ತಿರುಗಿಸಿ ತೆಗೀರಿ. ಹಾಕೋವಾಗ ಉಲ್ಟಾ: ಮೊದಲು ಚಕ್ರದ ಕಡೆ, ಆಮೇಲೆ ಬ್ರಾಕೆಟ್. ಹೋಸ್ ಮಾತ್ರ ಹುರಿ ತಿರುಚಿಕೊಳ್ಳಬಾರದು. ಎಣ್ಣೆ ಬಾಡಿಗೆ ತಾಗಿದ್ರೆ ತಕ್ಷಣ ನೀರು ಹಾಕಿ ತೊಳೀರಿ, ಇಲ್ಲದಿದ್ರೆ ಇವತ್ತಿನ ಪಾಲಿಶ್ ಜೊತೆ ಪೇಂಟೂ ಎದ್ದು ಬರುತ್ತೆ.

ಏರ್ ತೆಗೆಯೋದು ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರದಿಂದ, ಅಂದ್ರೆ ಹಿಂದಿನ ಎಡದಿಂದ. ಅಕ್ಕ ಪೆಡಲ್ ಒತ್ತಿ ಹಿಡೀಲಿ, ನೀವು ನಿಪ್ಪಲ್ ಬಿಡಿ. ನೀವು ನಿಪ್ಪಲ್ ಮುಚ್ಚೋವರೆಗೆ ಅವರು ಕಾಲು ತೆಗೀಬಾರದು. ಗುಳ್ಳೆ ನಿಲ್ಲೋವರೆಗೂ ಇದೇ ಪಾಠ, ನಡುನಡುವೆ ಡಬ್ಬಿಗೆ ಎಣ್ಣೆ ತುಂಬುತ್ತಿರಿ. ಮುಗಿದ ಮೇಲೆ ನಮ್ಮ ಬೀದೀಲೇ ನಿಧಾನಕ್ಕೆ ಓಡಿಸಿ, ಬಂದು ಪ್ರತಿ ಜಾಯಿಂಟೂ ಒಣಗಿದೆಯಾ ಅಂತ ನೋಡಿ. ಕೈ ನಡುಗಿದ್ರೆ ಬಲ್ಲ ಮೆಕ್ಯಾನಿಕ್‌ಗೇ ಕೊಡಿ, ಪಕ್ಕದಲ್ಲಿ ನಿಂತು ನೋಡಿ.

ಇನ್ನೊಂದು ಮಾತು. ಬಿಚ್ಚಿದ ಹಳೇ ಹೋಸನ್ನ "ಇರ್ಲಿ, ಸ್ಪೇರ್‌ಗೆ ಆಗುತ್ತೆ" ಅಂತ ಡಿಕ್ಕಿಗೆ ಹಾಕಬೇಡಿ. ನಿಮ್ಮನ್ನ ನಾನು ಬಲ್ಲೆ. ಅಲ್ಲೇ ಎರಡು ತುಂಡು ಮಾಡಿ ಬಿಸಾಕಿ.