ಲಘುಶಕಟ ಮರುಯಾನ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಆರಂಭದಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿಂದಿನವರ ಕಟ್ಟಪ್ಪಣೆ. ಹೇಳುತ್ತೇವೆ. ಈ ಗ್ರಂಥದ ವಿಷಯ, ವಸಂತದ ಬಾಗಿಲಲ್ಲಿ 13 ಅಡಿಯ ಟ್ರೇಲರೊಂದನ್ನು ಎಳೆದುಕೊಂಡು ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೋಗಿ ಮೂರು ರಾತ್ರಿ ಮಲಗಿ ಬರುವುದು. ಪ್ರಯೋಜನ, ಏನೂ ಇಲ್ಲದ ಕಡೆ ನೆಮ್ಮದಿಯಾಗಿ ಇರುವುದು. ಏನೂ ಇಲ್ಲದ ಕಡೆ ಇರಬೇಕಾದರೆ ಮನೆಯಲ್ಲಿರುವುದೆಲ್ಲವನ್ನೂ ಒಯ್ಯಬೇಕಾಗಿರುವುದರಿಂದ ಇವೆರಡರ ನಡುವಿನ ಸಂಬಂಧ ಸವತಿಯರ ಸಂಬಂಧ. ಇನ್ನು ಅಧಿಕಾರಿ: ಸ್ಯಾನ್ ಡಿಯೆಗೊ ಕಡೆ ಕಂಪ್ಯೂಟರ್ ಕೆಲಸದಲ್ಲಿರುವ, ಎಸ್‌ಯುವಿಗೆ ಹಿಚ್ ಹಾಕಿಸಿಕೊಂಡಿರುವ, ಮನೆಯಾಕೆಯ ಒಪ್ಪಿಗೆ ಪಡೆದಿರುವ ಕನ್ನಡ ಗೃಹಸ್ಥ. ಮೂರನೆಯ ಲಕ್ಷಣ ಇಲ್ಲದವನು ಇಲ್ಲಿಗೇ ಗ್ರಂಥ ಮುಚ್ಚಿಡಬಹುದು.

ಈಗ ಪೂರ್ವಪಕ್ಷಗಳು. ಹೋಟೆಲ್‌ವಾದಿಗಳು ಹೇಳುತ್ತಾರೆ: ಆ ಮರುಭೂಮಿಯಲ್ಲೇ ಇರುವ ಬೊರೇಗೊ ಸ್ಪ್ರಿಂಗ್ಸ್ ಊರಿನಲ್ಲಿ ಒಳ್ಳೆಯ ರೂಮುಗಳಿವೆ, ಬಿಸಿನೀರು ಬರುತ್ತದೆ. ಬಿಸಿನೀರು ಬರುವ ಕಡೆಗೆ ಹೋಗುವುದನ್ನು ಯಾತ್ರೆ ಎನ್ನಲಾಗದು ಎಂದು ಇವರನ್ನು ಒಂದೇ ವಾಕ್ಯದಲ್ಲಿ ತಳ್ಳಿಹಾಕಬಹುದು. ಟೆಂಟ್‌ವಾದಿಗಳು ಶುದ್ಧ ವೈರಾಗ್ಯದವರು. ನಲವತ್ತು ದಾಟಿದವನ ಸೊಂಟ ಇವರ ಸಿದ್ಧಾಂತವನ್ನು ಒಪ್ಪುವುದಿಲ್ಲ. ಸೊಂಟ ಪ್ರತ್ಯಕ್ಷ ಪ್ರಮಾಣ. 40 ಅಡಿಯ ಬಸ್ಸಿನಂಥ ಮೋಟರ್‌ಹೋಮ್‌ನಲ್ಲಿ ಸಂಚರಿಸುವ ಬೃಹದ್ಯಾನ ಪಂಥದವರ ಜೊತೆ ವಾದಿಸಿ ಫಲವಿಲ್ಲ, ಅವರು ಒಳಗೆ ಟೀವಿ ನೋಡುತ್ತಿರುತ್ತಾರೆ. ಇವರೆಲ್ಲರಿಗಿಂತ ಬಲವಾದ ಪೂರ್ವಪಕ್ಷ ಆರು ತಿಂಗಳಿಗೆಂದು ಊರಿಂದ ಬಂದಿರುವ ಮಾವನವರದು: “ನಮ್ಮ ಕೊಪ್ಪಳದಾಗೂ ಇವ ಕಲ್ಲು, ಇದ ಬಿಸಿಲು. ಅಲ್ಲಿ ಮಲಗಾಕ ಯಾರೂ ರೊಕ್ಕ ಕೇಳಂಗಿಲ್ಲ.”

ಸಮಾಧಾನ: ಇಲ್ಲಿಯೂ ಎಲ್ಲ ಕಡೆ ಕೇಳುವುದಿಲ್ಲ. ಆಂಜಾ-ಬೊರೇಗೊ ಮರುಭೂಮಿ ಕ್ಯಾಲಿಫೋರ್ನಿಯಾದ ರಾಜ್ಯ ಉದ್ಯಾನಗಳಲ್ಲೆಲ್ಲ ದೊಡ್ಡದು, ಆರು ಲಕ್ಷ ಎಕರೆಯ ಆಸುಪಾಸು. ಅದರ ಬಹುಭಾಗದಲ್ಲಿ ರಸ್ತೆಯ ಮಗ್ಗುಲಿಗೆ ಗಾಡಿ ನಿಲ್ಲಿಸಿ ಬಿಟ್ಟಿಯಾಗಿ ಮಲಗಬಹುದು. ದುಡ್ಡು ಕೊಡಬೇಕಾದದ್ದು ನಲ್ಲಿ, ಕಕ್ಕಸು, ಮೇಜು ಇರುವ ಜಾಗಕ್ಕೆ ಮಾತ್ರ. ಅಂದರೆ ಮರುಭೂಮಿ ಉಚಿತ, ಮರುಭೂಮಿ ಇಲ್ಲದಿರುವುದಕ್ಕೆ ಬಾಡಿಗೆ. ಮಾವನವರು ಇದನ್ನು ಒಪ್ಪಿಲ್ಲ, ಬರುವುದಕ್ಕೆ ಮಾತ್ರ ಒಪ್ಪಿದ್ದಾರೆ.

ಕಾಲನಿರ್ಣಯಕ್ಕೆ ಬರೋಣ. 1913ರ ಜುಲೈ 10ರಂದು ಇದೇ ರಾಜ್ಯದ ಡೆತ್ ವ್ಯಾಲಿಯಲ್ಲಿ 56.7 ಡಿಗ್ರಿ ದಾಖಲಾಗಿದೆ. ಭೂಮಿಯ ಮೇಲೆ ದಾಖಲಾದ ಅತಿ ಹೆಚ್ಚಿನ ತಾಪ ಎಂದು ಇಂದಿಗೂ ಅದನ್ನೇ ಹೇಳುವುದು. ಆದ್ದರಿಂದ ಗ್ರೀಷ್ಮ ನಿಷಿದ್ಧ. ಶಿಶಿರದಲ್ಲಿ ರಾತ್ರಿ ನೀರಿನ ಪೈಪು ಹೆಪ್ಪುಗಟ್ಟುವ ಸಂಭವ. ಉಳಿದದ್ದು ಮಾರ್ಚ್, ನಮ್ಮ ಲೆಕ್ಕದಲ್ಲಿ ಯುಗಾದಿಯ ಆಚೀಚೆ: ಹಗಲು 25 ಡಿಗ್ರಿ ದಾಟುತ್ತದೆ, ರಾತ್ರಿ 10ರ ಕೆಳಗಿಳಿಯುತ್ತದೆ. ಒಣಗಾಳಿ ಶಾಖವನ್ನು ಹಿಡಿದಿಡುವುದಿಲ್ಲ. ಸೂರ್ಯ ಗುಡ್ಡದ ಹಿಂದೆ ಸರಿದ ಅರ್ಧ ತಾಸಿಗೆ ಬನಿಯನ್ನಿನಲ್ಲಿದ್ದವನು ಸ್ವೆಟರ್ ಹುಡುಕುತ್ತಾನೆ. ಇದೇ ಹೂವಿನ ಕಾಲವೂ ಹೌದು. ಮಳೆಗಾಲ ಸರಿಯಾಗಿ ಕೂಡಿಬಂದ 2017 ಮತ್ತು 2019ರಲ್ಲಿ ಇಲ್ಲಿ ನೆಲ ಕಾಣದಷ್ಟು ಹೂವಾಗಿ, ಆ ಹೂವು ನೋಡಲು ಬಂದ ಕಾರುಗಳಿಂದ ರಸ್ತೆಯೂ ಕಾಣದಂತಾಗಿತ್ತು. ಮರುಭೂಮಿಯ ಬೀಜ ಚಾಣಾಕ್ಷ. ಒಂದು ಹನಿ ಬಿತ್ತೆಂದು ಮೊಳೆಯುವುದಿಲ್ಲ. ಸಿಪ್ಪೆಯಲ್ಲಿರುವ ತಡೆರಾಸಾಯನಿಕ ತೊಳೆದುಹೋಗುವಷ್ಟು ಮಳೆ ಬರುವವರೆಗೆ ವರ್ಷಗಟ್ಟಲೆ ಕಾಯುತ್ತದೆ. ಮನುಷ್ಯ ಅಷ್ಟು ಕಾಯಲಾರ. ಆತ ಆರು ತಿಂಗಳ ಮುಂಚೆ, ಬೆಳಗ್ಗೆ 8 ಗಂಟೆಗೆ ಸರಿಯಾಗಿ, ಎರಡು ಲ್ಯಾಪ್‌ಟಾಪ್ ಒಂದು ಫೋನು ಮುಂದಿಟ್ಟುಕೊಂಡು ಜಾಗ ಕಾದಿರಿಸುತ್ತಾನೆ. 8 ಗಂಟೆ 1 ನಿಮಿಷಕ್ಕೆ ಎದ್ದವನಿಗೆ ಕಕ್ಕಸಿನ ಪಕ್ಕದ ಜಾಗ ಪ್ರಾಪ್ತಿ.

ಮುಹೂರ್ತದ ಬಗ್ಗೆ ಒಂದು ತೊಡಕಿದೆ. ಮಾರ್ಚ್‌ನ ಎರಡನೆಯ ಭಾನುವಾರ ಕ್ಯಾಲಿಫೋರ್ನಿಯಾ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತದೆ. ಪಕ್ಕದ ಅರಿಜೋನಾ ಹೆಚ್ಚುಕಡಿಮೆ ಇಡಿಯಾಗಿ ಈ ಆಟಕ್ಕೆ ಬರುವುದಿಲ್ಲ. ರಾಹುಕಾಲ ಸೂರ್ಯೋದಯವನ್ನು ನೆಚ್ಚಿಕೊಂಡಿರುವುದರಿಂದ ಈ ಜಗಳ ಅದಕ್ಕೆ ಅಂಟುವುದಿಲ್ಲ. ಚೆಕ್-ಔಟ್ ವೇಳೆಗೆ ಅಂಟುತ್ತದೆ.

ಯಾನಲಕ್ಷಣ. ನಾವು ಇಲ್ಲಿ ವಿಚಾರಿಸುತ್ತಿರುವುದು ಮೊಟ್ಟೆಯಾಕಾರದ ಫೈಬರ್‌ಗ್ಲಾಸ್ ಟ್ರೇಲರು. ಇದರ ವಂಶಾವಳಿ ವಿದ್ವಾಂಸರು ಮುಚ್ಚಿಡುವಂಥದ್ದು, ನಾವು ಮುಚ್ಚಿಡೆವು. ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬಾತ ಕಾಂಕ್ರೀಟಿನ ಶೌಚಗುಂಡಿಗೆ ಬದಲಾಗಿ ಹಗುರವಾದ ಫೈಬರ್‌ಗ್ಲಾಸ್ ಗುಂಡಿಯನ್ನು ಕಂಡುಹಿಡಿದಿದ್ದ. ಅದೇ ವಿದ್ಯೆಯಿಂದ 1968ರ ಹೊತ್ತಿಗೆ ಬೋಲರ್ ಎಂಬ 13 ಅಡಿಯ ಟ್ರೇಲರು ಹುಟ್ಟಿತು: ಮೇಲೊಂದು ಚಿಪ್ಪು, ಕೆಳಗೊಂದು ಚಿಪ್ಪು, ನಡುವೆ ಸೊಂಟಪಟ್ಟಿಯಂತೆ ಒಂದು ಬೆಸುಗೆ. ಸಂಧಿಗಳು ಕಡಿಮೆ, ಸೋರಿಕೆಯೂ ಕಡಿಮೆ. ಋಷಿಮೂಲ ನದೀಮೂಲಗಳನ್ನು ಕೆದಕಬಾರದೆನ್ನುವವರು ಈ ಪಟ್ಟಿಗೆ ಟ್ರೇಲರನ್ನೂ ಸೇರಿಸಿಕೊಳ್ಳಲಿ.

ಇನ್ನು ಗ್ರಂಥದ ಹೃದಯವಾದ ಭಾರಾಧಿಕರಣ. ಮೂಲಸೂತ್ರ ನಮ್ಮದೇ: ಎಳೆಯುವವನಿಗೆ ಎಲ್ಲವೂ ತೂಕ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮುಂದಿನ ಮೂಕಿಯ ಮೇಲೆ, ಅಂದರೆ ಹಿಚ್ಚಿನ ಗುಂಡಿನ ಮೇಲೆ ಕೂರಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರು ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಬಾಲ ಅಲ್ಲಾಡಿಸಿ ನಾಯಿಯನ್ನೇ ಬೀಳಿಸುವ ಅಪರೂಪದ ಪ್ರಾಣಿ ಇದು. ಎತ್ತಿನಗಾಡಿ ಕಟ್ಟಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. “ಹಿಂಭಾರ ಆದ್ರ ನೊಗ ಮ್ಯಾಲೇಳತೈತಿ” ಎಂದು ಮಾವನವರು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಅಳಿಯ ಮೂರು ವಿಡಿಯೊ ನೋಡಿ ಅರ್ಥಮಾಡಿಕೊಂಡ.

ಇಲ್ಲಿ ಅಕ್ಕಿಮೂಟೆಯ ಪ್ರಶ್ನೆ ಏಳುತ್ತದೆ. 20 ಪೌಂಡಿನ ಸೋನಾ ಮಸೂರಿ ಚೀಲವನ್ನು ಹಿಂದಿನ ಹಾಸಿಗೆಯ ಕೆಳಗಿಡಬೇಕೋ, ಆಕ್ಸಲ್‌ನ ಮುಂದಿಡಬೇಕೋ? ಮೂರು ರಾತ್ರಿಗೆ 20 ಪೌಂಡ್ ಅಕ್ಕಿ ಏಕೆ ಎಂಬ ಮರುಪ್ರಶ್ನೆ ಗೃಹಸ್ಥನಿಂದ ಬರುತ್ತದೆ. ಯಾರಾದರೂ ಊಟಕ್ಕೆ ಬಂದರೆ? ಮರುಭೂಮಿಯಲ್ಲಿ ಯಾರು ಬರುತ್ತಾರೆ ಎಂದು ಕೇಳುವವನಿಗೆ ಮನೆಯಾಕೆಯ ಮೌನವೇ ಉತ್ತರ, ಮೌನವೂ ಶಬ್ದಪ್ರಮಾಣ. ಮೂಟೆ ಆಕ್ಸಲ್‌ನ ಮುಂದೆ ಎಂಬುದು ಸಿದ್ಧಾಂತ. ಮಿಕ್ಸಿಯ ವಿಚಾರದಲ್ಲಿ ಮಾತ್ರ ಶಾಸ್ತ್ರ ನಿಷ್ಠುರ. 750 ವ್ಯಾಟಿನ ಮಿಕ್ಸಿಯನ್ನು 12 ವೋಲ್ಟಿನ ಬ್ಯಾಟರಿಗೆ ಹೂಡಿದರೆ 60 ಆಂಪಿಯರ್‌ಗೂ ಮೇಲೆ ಹೀರುತ್ತದೆ. ಚಟ್ನಿ ನುಣ್ಣಗಾಗುತ್ತದೆ, ರಾತ್ರಿ ದೀಪ ಉರಿಯುವುದಿಲ್ಲ. ಚಟ್ನಿಪುಡಿಯಂಥ ವಸ್ತುವನ್ನು ನಮ್ಮ ಪೂರ್ವಜರು ಕಂಡುಹಿಡಿದದ್ದು ಇಂಥ ಸಂದರ್ಭಕ್ಕೇ ಇರಬೇಕು.

ಎಲ್ಲಕ್ಕಿಂತ ಭಾರವಾದದ್ದು ನೀರು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಕನಿಷ್ಠ ಎನ್ನುತ್ತಾರೆ ಉದ್ಯಾನದವರು. ಗ್ಯಾಲನ್ ಎಂದರೆ ಹೆಚ್ಚುಕಡಿಮೆ 3.8 ಕೆಜಿ. ಈ ಗ್ಯಾಲನ್ ಬರೀ ಕುಡಿಯಲಿಕ್ಕೆ. ಅಕ್ಕಿ ತೊಳೆಯುವ ನೀರು, ಸೊಪ್ಪು ತೊಳೆಯುವ ನೀರು, ಎಂಜಲು ಕೈ ತೊಳೆಯುವ ನೀರು ಇದರಲ್ಲಿಲ್ಲ. 20 ಗ್ಯಾಲನ್‌ನ ಟ್ಯಾಂಕು ತುಂಬಿಸಿದರೆ 75 ಕೆಜಿ, ಅಂದರೆ ಇನ್ನೊಬ್ಬ ಮಾವನವರು. ಇದೇ ಮರಳಿನಲ್ಲಿ ವಾಸಿಸುವ ಕಾಂಗರೂ ಇಲಿ ಹುಟ್ಟಿದಂದಿನಿಂದ ಒಂದು ಗುಟುಕು ನೀರು ಕುಡಿಯದೆ, ತಿಂದ ಬೀಜ ಮೈಯೊಳಗೆ ಜೀರ್ಣವಾಗುವಾಗ ಹುಟ್ಟುವ ನೀರಿನಲ್ಲೇ ಬದುಕುತ್ತದೆ. ಅದಕ್ಕೆ ಹಿಚ್ ಬೇಕಿಲ್ಲ.

ಈ ಭಾರದ ಪ್ರಶ್ನೆಯನ್ನು ಅಮೆರಿಕದ ಸರ್ಕಾರವೂ ಒಮ್ಮೆ ಗಂಭೀರವಾಗಿ ಯೋಚಿಸಿತ್ತು. 1855ರಲ್ಲಿ ಅಲ್ಲಿನ ಕಾಂಗ್ರೆಸ್ 30,000 ಡಾಲರ್ ಮಂಜೂರು ಮಾಡಿ ಸೈನ್ಯಕ್ಕೆಂದು ಒಂಟೆಗಳನ್ನು ತರಿಸಿತು. ಮೊದಲ ತಂಡ 1856ರಲ್ಲಿ ಟೆಕ್ಸಸ್‌ನಲ್ಲಿ ಇಳಿಯಿತು, ಮರುವರ್ಷ ಕೆಲವು ಒಂಟೆಗಳು ರಸ್ತೆ ಸರ್ವೆಯ ತಂಡದೊಡನೆ ಕ್ಯಾಲಿಫೋರ್ನಿಯಾದವರೆಗೂ ನಡೆದವು. ಅಂತರ್ಯುದ್ಧ ಶುರುವಾದ ಮೇಲೆ ಯೋಜನೆ ಮೂಲೆ ಸೇರಿತು. ಒಂಟೆಯವರಲ್ಲೊಬ್ಬನಾದ ಹಾಜಿ ಅಲಿಯ ಹೆಸರನ್ನು ಅಮೆರಿಕನ್ನರು ಹೈ ಜಾಲಿ ಎಂದು ತಿರುಚಿದರು. 1902ರಲ್ಲಿ ತೀರಿಕೊಂಡ ಆತನ ಸಮಾಧಿ ಅರಿಜೋನಾದ ಕ್ವಾರ್ಟ್ಸೈಟ್‌ನಲ್ಲಿದೆ. ಕಲ್ಲಿನ ಪಿರಮಿಡ್ಡು, ತುದಿಯಲ್ಲಿ ಲೋಹದ ಒಂಟೆ. ಇವತ್ತು ಚಳಿಗಾಲದಲ್ಲಿ ಅದೇ ಊರಿನ ಸುತ್ತ ಸಾವಿರಾರು ಟ್ರೇಲರುಗಳು ಬೀಡುಬಿಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಸರ್ಕಾರ ಅವಸರ ಮಾಡಿತು. ಒಂಟೆಗೆ ಹಿಂದಕ್ಕೆ ಬರುವ ಅಗತ್ಯ ಇರಲಿಲ್ಲ.

ಟ್ರೇಲರಿಗೆ ಇದೆ. ಇದನ್ನೇ ಪ್ರತೀಪಗಮನ ಎನ್ನುವುದು. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಟ್ರೇಲರು ಚಿಕ್ಕದಾದಷ್ಟೂ ಸಿಟ್ಟು ಜಾಸ್ತಿ. ಉದ್ದದ್ದು ನಿಧಾನಕ್ಕೆ ತಿರುಗಿದರೆ ಮೊಟ್ಟೆ ಗಕ್ಕನೆ ಮಡಚಿಕೊಂಡು ಕಾರಿನ ಬಂಪರಿಗೆ ಮುತ್ತಿಡುತ್ತದೆ. ಸ್ಟಿಯರಿಂಗಿನ ಕೆಳತುದಿ ಹಿಡಿದು, ಟ್ರೇಲರು ಹೋಗಬೇಕಾದ ಕಡೆಗೇ ಕೈ ಸರಿಸು ಎಂಬುದು ಬಲ್ಲವರ ಉಪಾಯ. ಇದು ಒಬ್ಬನೇ ಇದ್ದಾಗ ಸಿದ್ಧಿಸುತ್ತದೆ. ಹಿಂದೆ ನಿಂತು ದಾರಿ ತೋರಿಸುವವರು ಇದ್ದಾಗ ನಡೆಯುವುದು ಹೀಗೆ:

“ರೀ, ಎಡಕ್ಕೆ ತಗೊಳ್ಳಿ.”

“ನಿನ್ನ ಎಡಕ್ಕೋ, ನನ್ನ ಎಡಕ್ಕೋ?”

“ಟ್ರೇಲರಿನ ಎಡಕ್ಕೆ.”

“ಅದು ಯಾವ ಕಡೆ ಮುಖ ಮಾಡಿದೆ?”

“ಈಗ ಅಪ್ಪನ ಕುರ್ಚಿ ಕಡೆ.”

ಅಕ್ಕಪಕ್ಕದ ಬೀಡಿನವರು ಬಿಯರ್ ಡಬ್ಬಿ ಹಿಡಿದು ಮಡಚುಕುರ್ಚಿಯಲ್ಲಿ ಕೂತು ಇದನ್ನು ನೋಡುತ್ತಾರೆ. ಮರುಭೂಮಿಯಲ್ಲಿ ಬೇರೆ ಮನರಂಜನೆ ಇಲ್ಲ.

ದೇಶವಿಚಾರದಲ್ಲಿ ಮರಳು ಮೊದಲನೆಯದು. ನೈಯಾಯಿಕರ ಐದು ಅವಯವಗಳ ಅನುಮಾನ ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ಈ ಗಾಡಿ ಹೂತಿದೆ, ಚಕ್ರ ತಿರುಗಿದರೂ ಮುಂದೆ ಸರಿಯದಿರುವುದರಿಂದ, ಯಾವುದು ತಿರುಗಿಯೂ ಸರಿಯದೋ ಅದು ಹೂತಿರುತ್ತದೆ, ಪಕ್ಕದಲ್ಲಿರುವ ಆ ಜೀಪಿನಂತೆ, ಇದೂ ಹಾಗೆಯೇ ಇದೆ, ಆದ್ದರಿಂದ ಹೂತಿದೆ. ಈ ವಾಕ್ಯ ಮುಗಿಯುವಷ್ಟರಲ್ಲಿ ಆಕ್ಸಲ್‌ವರೆಗೂ ಇಳಿದಿರುತ್ತದೆ. ತರ್ಕಕ್ಕೆ ಮುಂಚೆ ಟೈರಿನ ಗಾಳಿಯನ್ನು 35ರಿಂದ 20 ಪಿಎಸ್‌ಐಗೆ ಇಳಿಸಿದ್ದರೆ ಟೈರು ಅಗಲಗೊಂಡು ಮರಳಿನ ಮೇಲೆ ತೇಲುತ್ತಿತ್ತು. ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ, ಗಾಳಿಗೆ ಮರೆಯಾಗಿ, ಹಾಸಿಗೆ ಹಾಸಿಟ್ಟಂತೆ ಕರೆಯುತ್ತದೆ. ಅಲ್ಲಿ ಬೀಡು ಬಿಡಕೂಡದು. ಮಳೆ ಬಿದ್ದದ್ದು ಎಲ್ಲೋ ದೂರದ ಬೆಟ್ಟದಲ್ಲಿ, ನೀರು ಬರುವುದು ಇಲ್ಲಿಗೆ.

ಚೋಯಾ ಕಳ್ಳಿಯ ಬಗ್ಗೆ ಮಕ್ಕಳಿಗೆ ಮೊದಲೇ ಹೇಳಿಡಬೇಕು. ಸಂಜೆ ಬೆಳಕಿನಲ್ಲಿ ಮೈತುಂಬ ಉಣ್ಣೆ ಹೊದ್ದ ಹಾಗೆ ಹೊಳೆಯುತ್ತದೆ, ಮುಟ್ಟೋಣ ಅನ್ನಿಸುತ್ತದೆ. ಪ್ರತಿ ಮುಳ್ಳಿಗೂ ಹಿಮ್ಮುಖವಾದ ಸಣ್ಣ ಕೊಕ್ಕೆಗಳು. ಸೋಕಿದರೆ ಇಡೀ ತುಂಡೇ ಕಳಚಿ ಕೈಗೆ ಬರುತ್ತದೆ, ಅದನ್ನು ಕೀಳಲು ಹೋದ ಇನ್ನೊಂದು ಕೈಗೂ ಬರುತ್ತದೆ. ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ತುಂಡಿಗೂ ನಡುವೆ ತೂರಿಸಿ ಫಟ್ಟನೆ ಚಿಮ್ಮಿಸಬೇಕು. ಚಿಮ್ಮುವ ದಿಕ್ಕಿನಲ್ಲಿ ಬಂಧುಗಳು ಇರಬಾರದು. ಉಳಿದ ಮುಳ್ಳಿಗೆ ಇಕ್ಕಳ. ಹೀಗಾಗಿ ಬೋಳುತಲೆಯವರೂ ಬಾಚಣಿಗೆ ಒಯ್ಯತಕ್ಕದ್ದು.

ಪಾಕಪ್ರಕರಣ ಚಿಕ್ಕದು. ದೋಸೆಹಿಟ್ಟು ರಾತ್ರಿಯ ಚಳಿಗೆ ಹುಳಿ ಬರುವುದಿಲ್ಲ, ಹಗಲು ಮುಚ್ಚಿದ ಕಾರಿನೊಳಗೆ ಎರಡೇ ತಾಸಿಗೆ ಬಂದು ಸೀಟಿನ ಮೇಲೂ ಬರುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕ್ಯಾಂಪಿನಲ್ಲಿ ಸದ್ದು ಮಾಡುವಂತಿಲ್ಲ. ಕುಕ್ಕರಿನ ಸೀಟಿ ಸದ್ದೋ ಅಲ್ಲವೋ ಎಂಬುದು ವಿವಾದಿತ. ಸೌದೆ ಆಯುವಂತಿಲ್ಲ, ಬೆಂಕಿ ಹಾಕಿದರೆ ಲೋಹದ ಪಾತ್ರೆಯೊಳಗೇ, ಬೂದಿಯನ್ನೂ ಕಟ್ಟಿಕೊಂಡು ಬರಬೇಕು. ಚಿತ್ರಾನ್ನ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ ಇವಿಷ್ಟನ್ನು ಶಾಸ್ತ್ರ ಬಲ್ಲದು. ಫಿಲ್ಟರ್ ಇಡಲು ಟ್ರೇಲರು ಮಟ್ಟಸವಾಗಿರಬೇಕು, ಗ್ಯಾಸಿನ ಫ್ರಿಜ್ಜಿಗೂ ಅದೇ ನಿಯಮ. ಡಿಕಾಕ್ಷನ್ ಒಂದೇ ಕಡೆಗೆ ಇಳಿಯುತ್ತಿದ್ದರೆ ಚಕ್ರದ ಕೆಳಗೆ ಹಲಗೆ ಸಾಲದು ಎಂದು ತಿಳಿಯತಕ್ಕದ್ದು.

ಇಷ್ಟೆಲ್ಲ ಸಿದ್ಧತೆಯನ್ನು ಕಂಡು ನಗುವವರು 1775ರ ದೃಷ್ಟಾಂತ ಎತ್ತುತ್ತಾರೆ. ಹ್ವಾನ್ ಬೌಟಿಸ್ಟಾ ಡಿ ಆಂಜಾ ಎಂಬಾತ ಇನ್ನೂರಕ್ಕೂ ಹೆಚ್ಚು ಜನರನ್ನು ದನಕರುಗಳ ಸಮೇತ ಇದೇ ಮರುಭೂಮಿ ದಾಟಿಸಿದ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಕಯೋಟಿ ಕಣಿವೆಯಲ್ಲಿ ಒಬ್ಬಾಕೆಗೆ ಹೆರಿಗೆಯೂ ಆಯಿತು. ರಿಸರ್ವೇಶನ್ ಇರಲಿಲ್ಲ. ನಿಜ. ಅವರಿಗೆ ಸೋಮವಾರ ಬೆಳಗ್ಗೆ 9ಕ್ಕೆ ಮೀಟಿಂಗೂ ಇರಲಿಲ್ಲ.

ಕೊನೆಯದು ವಿಸರ್ಜನಾಧಿಕರಣ. ಟ್ರೇಲರಿನ ಹೊಟ್ಟೆಯಲ್ಲಿ ಕೊಳೆನೀರಿನ ಎರಡು ಟ್ಯಾಂಕುಗಳು: ಕಕ್ಕಸಿನದು ಕಪ್ಪು, ಪಾತ್ರೆ ತೊಳೆದದ್ದು ಬೂದು. ಭಾನುವಾರ ಮನೆಗೆ ಹೊರಡುವ ಮುನ್ನ ಡಂಪ್ ಸ್ಟೇಶನ್ನಿನ ಸಾಲಿನಲ್ಲಿ ನಿಂತು ಇವನ್ನು ಬರಿದು ಮಾಡಬೇಕು. ವಿಧಿವಾಕ್ಯ ಒಂದೇ: ಮೊದಲು ಕಪ್ಪು, ಆಮೇಲೆ ಬೂದು, ಬೂದುನೀರಿನಿಂದ ಕೊಳವೆ ತೊಳೆದುಹೋಗಲೆಂದು. ಮೀಮಾಂಸಕರು ಕರ್ಮಗಳಲ್ಲಿ ಕಣ್ಣಿಗೆ ಕಾಣುವ ಫಲದವು, ಕಾಣದ ಫಲದವು ಎಂದು ಎರಡು ಬಗೆ ಹೇಳುತ್ತಾರೆ. ಈ ಕ್ರಮವನ್ನು ತಪ್ಪಿಸಿದರೆ, ಅಥವಾ ಕೊಳವೆಯ ಕೊಂಡಿ ಕೂತಿದೆಯೋ ಇಲ್ಲವೋ ಎಂದು ಎರಡು ಸಲ ತಿರುಚಿ ನೋಡದೆ ಹಿಡಿಕೆ ಎಳೆದರೆ, ಸಿಗುವ ಫಲ ದೃಷ್ಟವೋ ಅದೃಷ್ಟವೋ ಎಂಬಲ್ಲಿ ಭಾಷ್ಯಕಾರರಿಗೆ ಕೆಲಸವೇ ಉಳಿಯುವುದಿಲ್ಲ. ಕೊಳವೆ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ಹಿಡಿಯಬಾರದೆಂಬ ನಿಷೇಧಕ್ಕೂ ಇದೇ ನ್ಯಾಯ ಅನ್ವಯ. ಕೈಗವಸು ಎಡಗೈಗೆ ಮಾತ್ರ ಸಾಕೇ, ಎರಡಕ್ಕೂ ಬೇಕೇ, ಬಳಸಿದ ಮೇಲೆ ಅದನ್ನು ಟ್ರೇಲರಿನ ಯಾವ ಅರೆಯಲ್ಲಿಟ್ಟರೆ ಅಕ್ಕಿಮೂಟೆಗೆ ದೂರವಾಗುತ್ತದೆ ಎಂಬ ಸೂಕ್ಷ್ಮಗಳನ್ನು ಇಲ್ಲೇ ವಿಸ್ತಾರವಾಗಿ ಚರ್ಚಿಸಬೇಕೆಂದಿದ್ದೆವು. ಆದರೆ ಹಿಂದೆ ಹನ್ನೆರಡು ಗಾಡಿಗಳಿವೆ, ಮೊದಲನೆಯದು ಬೃಹದ್ಯಾನ ಪಂಥದ್ದು, ಹಾರ್ನ್ ಹೊಡೆಯಲು ಶುರುಮಾಡಿದ್ದಾರೆ.